ಬೀಗ ಯಾರ ಕೈಯಲ್ಲಿರಬೇಕು?



ಇವತ್ತು ಒಂದು ವಾಟ್ಸ್ಆ್ಯಪ್ ಮೆಸೇಜಿನಿಂದ ಶುರು ಮಾಡ್ತೀನಿ. ಇಂಜಿನಿಯರಿಂಗ್‌ನಲ್ಲಿ ನನ್ನ ಜೊತೆ ಓದಿದ ಗೆಳೆಯನೊಬ್ಬ ಈಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಅವನ ಮಗನಿಗೆ ಎಂಟು ವರ್ಷ. ಪಕ್ಕದ ಮನೆಯ ಹಿರಿಯರೊಬ್ಬರು ತುಂಬಾ ಒಳ್ಳೆಯವರು, ಇವರ ಮನೆಯ ಯುಗಾದಿ ಹೋಳಿಗೆ ತಿಂದು ಹೊಗಳಿದವರು. ಅವರು ಕೇಳಿದ್ದಾರಂತೆ: "ಶನಿವಾರ ನನ್ನ ಮೊಮ್ಮಗನನ್ನು ಶೂಟಿಂಗ್ ರೇಂಜಿಗೆ ಕರ್ಕೊಂಡು ಹೋಗ್ತಿದ್ದೀನಿ, ನಿನ್ನ ಮಗನನ್ನೂ ಕಳಿಸ್ತೀಯಾ? ಬಂದೂಕಿನ ಬಗ್ಗೆ ಚಿಕ್ಕ ವಯಸ್ಸಿನಲ್ಲೇ ಕಲಿತರೆ ಒಳ್ಳೆಯದು." ಗೆಳೆಯ ನನಗೆ ಬರೆದದ್ದು ಒಂದೇ ಸಾಲು: "ಕಳಿಸ್ಲಾ ಬೇಡ್ವಾ, ಹೇಳು."

ಟಿವಿಯಲ್ಲಿ ದಿನಾ ಅಭಿಪ್ರಾಯ ಹೇಳೋನಿಗೆ ಇದೇನು ಮಹಾ ಪ್ರಶ್ನೆ ಅಂತ ನೀವು ಅನ್ಕೋಬಹುದು. ನಿಜ ಹೇಳ್ತೀನಿ, ನಾನು ಎರಡು ದಿನ ಉತ್ತರ ಕೊಡಲಿಲ್ಲ. ನನಗೂ ಒಂದು ಮಗು ಇದೆ.

ಮೊದಲು ಕಣ್ಣ ಮುಂದೆ ಬಂದಿದ್ದು ಅರಿಜೋನಾ. 2014ರ ಆಗಸ್ಟ್ 25. ಲಾಸ್ ವೇಗಸ್‌ನಿಂದ ಸುಮಾರು ಒಂದು ಗಂಟೆ ದೂರದ ಒಂದು ಶೂಟಿಂಗ್ ರೇಂಜ್. ರಜೆಗೆ ಬಂದ ಕುಟುಂಬ. ಒಂಬತ್ತು ವರ್ಷದ ಹುಡುಗಿಯ ಕೈಯಲ್ಲಿ ಊಜಿ, ಅಂದರೆ ಸೈನಿಕರಿಗಾಗಿ ತಯಾರಾದ ಸಬ್‌ಮಷಿನ್ ಗನ್. ಪಕ್ಕದಲ್ಲಿ ಅನುಭವಿ ತರಬೇತುದಾರ. ಅಪ್ಪ ಅಮ್ಮ ವಿಡಿಯೋ ಮಾಡ್ತಿದ್ದಾರೆ. ಮೊದಲು ಒಂದೇ ಒಂದು ಗುಂಡು. ಸರಿಯಾಗಿ ಹೋಯಿತು. ಎಲ್ಲರಿಗೂ ಖುಷಿ. ಆಮೇಲೆ ತರಬೇತುದಾರ ಅದನ್ನು ಫುಲ್ ಆಟೋಮ್ಯಾಟಿಕ್‌ಗೆ ಹಾಕಿದ. ಟ್ರಿಗರ್ ಒತ್ತಿದ ಕೂಡಲೇ ಬಂದೂಕು ಮೇಲಕ್ಕೆ, ಎಡಕ್ಕೆ ಎದ್ದಿತು. ತರಬೇತುದಾರನ ತಲೆಗೆ ಗುಂಡು ಬಿತ್ತು. ಅವನು ಉಳಿಯಲಿಲ್ಲ.

ಇದು ಹಣೆಬರಹ ಅಲ್ಲ ಸ್ವಾಮಿ, ಫಿಸಿಕ್ಸ್. ನ್ಯೂಟನ್ನನ ಮೂರನೇ ನಿಯಮವನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೀವಿ. ಗುಂಡು ಮುಂದೆ ಹೋದರೆ ಬಂದೂಕು ಹಿಂದೆ ತಳ್ಳುತ್ತೆ. ನಳಿಕೆ ಮೇಲಿರುತ್ತೆ, ಹಿಡಿದ ಕೈ ಕೆಳಗಿರುತ್ತೆ, ಹಾಗಾಗಿ ಆ ತಳ್ಳು ನಳಿಕೆಯನ್ನು ಮೇಲಕ್ಕೆ ತಿರುಗಿಸುತ್ತೆ. ಊಜಿ ನಿಮಿಷಕ್ಕೆ ಸುಮಾರು 600 ಗುಂಡು ಹಾರಿಸುತ್ತೆ. ಸೆಕೆಂಡಿಗೆ ಹತ್ತು. ಮೊದಲ ತಳ್ಳಿನಿಂದ ಚೇತರಿಸಿಕೊಳ್ಳೋ ಮೊದಲೇ ಎರಡನೆಯದು, ಮೂರನೆಯದು. ಒಂಬತ್ತು ವರ್ಷದ ಮಗುವಿನ ಮಣಿಕಟ್ಟಿಗೆ ಅದನ್ನು ತಡೆಯೋ ಶಕ್ತಿ ಎಲ್ಲಿಂದ ಬರಬೇಕು? ಎಷ್ಟು ಪಾಠ ಹೇಳಿದರೂ ಮಣಿಕಟ್ಟು ದಪ್ಪ ಆಗಲ್ಲ.

ಹೊಸ ವಿಷಯವೂ ಅಲ್ಲ ಇದು. ಆರು ವರ್ಷ ಮುಂಚೆ, 2008ರ ಅಕ್ಟೋಬರ್‌ನಲ್ಲಿ, ಮ್ಯಾಸಚುಸೆಟ್ಸ್‌ನ ವೆಸ್ಟ್‌ಫೀಲ್ಡ್‌ನಲ್ಲಿ ಎಂಟು ವರ್ಷದ ಹುಡುಗನೊಬ್ಬ ಇದೇ ಜಾತಿಯ ಇನ್ನೂ ಚಿಕ್ಕ ಬಂದೂಕು ಹಿಡಿದು ತನ್ನ ತಲೆಗೇ ಗುಂಡು ಹೊಡೆದುಕೊಂಡ. ಅಲ್ಲೂ ಅಪ್ಪ ವಿಡಿಯೋ ಮಾಡ್ತಿದ್ದರು. ಆ ಅಪ್ಪ ಒಬ್ಬ ಡಾಕ್ಟರ್, ವಿದ್ಯಾವಂತರು. ಮಗನನ್ನು ಪ್ರೀತಿಸುತ್ತಿರಲಿಲ್ಲ ಅಂತ ಯಾರು ಹೇಳಕ್ಕಾಗುತ್ತೆ?

ಸರಿ, "ಮಷಿನ್ ಗನ್ ಕೊಟ್ಟಿದ್ದು ತಪ್ಪು, ಚಿಕ್ಕ ರೈಫಲ್ ಕೊಟ್ಟಿದ್ದರೆ ಸಾಕಿತ್ತು" ಅನ್ನೋರಿಗೆ ಕೆಂಟಕಿ ಇದೆ. ಅಲ್ಲಿ ಮಕ್ಕಳಿಗಾಗಿಯೇ ತಯಾರಿಸಿದ ಪುಟ್ಟ .22 ರೈಫಲ್ ಸಿಗುತ್ತೆ. ಗುಲಾಬಿ ಬಣ್ಣದ್ದೂ ಇದೆ. "ನನ್ನ ಮೊದಲ ರೈಫಲ್" ಅನ್ನೋ ಹೆಸರಲ್ಲೇ ಜಾಹೀರಾತು. ಐದು ವರ್ಷದ ಹುಡುಗನಿಗೆ ಅಂಥದ್ದೊಂದು ಉಡುಗೊರೆ ಬಂದಿತ್ತು. ಮನೆಯ ಮೂಲೆಯಲ್ಲಿ ಒರಗಿಸಿ ಇಟ್ಟಿದ್ದರು. ಒಳಗೆ ಒಂದು ಗುಂಡು ಉಳಿದಿರೋದು ಯಾರಿಗೂ ಗೊತ್ತಿರಲಿಲ್ಲ. 2013ರ ಏಪ್ರಿಲ್ 30ರಂದು ತಾಯಿ ಸ್ವಲ್ಪ ಹೊತ್ತು ಹೊರಗೆ ಹೋದರು. ಎರಡು ವರ್ಷದ ತಂಗಿ ಹೋದಳು. ಅಣ್ಣ ಆಟ ಆಡ್ತಿದ್ದ, ಅಷ್ಟೇ.

ನೋಡಿ, ಇಷ್ಟು ಹೇಳಿ "ಈ ಅಮೆರಿಕದವರಿಗೆ ಹುಚ್ಚು" ಅಂತ ಮುಗಿಸಿಬಿಡೋದು ಸುಲಭ. ನಮ್ಮ ಸ್ಟುಡಿಯೋಗಳಲ್ಲಿ ಅದನ್ನೇ ಮಾಡ್ತೀವಿ. ಆದರೆ ಆ ನೆರೆಮನೆಯ ಅಜ್ಜನ ಮಾತನ್ನು ಒಂದು ಸಲ ಅವರ ಜಾಗದಲ್ಲಿ ನಿಂತು ಕೇಳಬೇಕು. ಅವರು ಹೇಳೋದೇನು? ಬಂದೂಕು ಮನೆಯಲ್ಲಿದೆ. ಮಗುವಿಗೆ ಕುತೂಹಲ ಇದೆ. ಮುಚ್ಚಿಟ್ಟಷ್ಟೂ ಕುತೂಹಲ ಜಾಸ್ತಿ. ಮುಟ್ಟಿಸಿ, ತೋರಿಸಿ, ಶಬ್ದ ಕೇಳಿಸಿ, ಕಲ್ಲಂಗಡಿಗೆ ಒಂದು ಗುಂಡು ಹೊಡೆದು ಏನಾಗುತ್ತೆ ಅಂತ ತೋರಿಸಿ. ಭಯ, ಗೌರವ ಎರಡೂ ಬರುತ್ತೆ. ಇದು ಅವರ ವಾದ. ತಳ್ಳಿಹಾಕೋ ಮಾತಲ್ಲ.

ಯಾಕಂದ್ರೆ ನಮ್ಮ ಕರ್ನಾಟಕದಲ್ಲೇ ಕೊಡಗು ಇದೆ. ಗಂಡು ಮಗು ಹುಟ್ಟಿದರೆ ಕೋವಿಯಿಂದ ಗುಂಡು ಹಾರಿಸಿ ಊರಿಗೆ ತಿಳಿಸುವ ಸಂಪ್ರದಾಯ ಇರೋ ನಾಡು. ಸಾವಿನ ಸುದ್ದಿಯನ್ನೂ ಕೋವಿಯೇ ಹೇಳುತ್ತೆ. ಬ್ರಿಟಿಷರ ಕಾಲದಿಂದ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಬಂದೂಕು ಪರವಾನಗಿಯಿಂದ ವಿನಾಯಿತಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಆ ವಿನಾಯಿತಿಯನ್ನು ಎತ್ತಿಹಿಡಿಯಿತು.

ಕಾಲೇಜಿನ ದಿನಗಳಲ್ಲಿ ಒಂದು ಕೈಲ್‌ಪೊಳ್ದ್ ಹಬ್ಬಕ್ಕೆ ಕೊಡಗಿನ ಸಹಪಾಠಿಯ ಐನ್‌ಮನೆಗೆ ಹೋಗಿದ್ದೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಆರಂಭದಲ್ಲಿ ಬರೋ ಆಯುಧಪೂಜೆ ಅದು. ಕೋವಿಗಳನ್ನು ತೊಳೆದು, ಒರೆಸಿ, ತೋಕ್‌ಪೂ ಇಟ್ಟು ಪೂಜೆ ಮಾಡಿದ್ದರು. ಪೂಜೆ ಆಗಿ, ಊಟ ಆಗಿ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯೋ ಸ್ಪರ್ಧೆ. ಗಂಡಸರು ಹೆಂಗಸರು ಎಲ್ಲ ಹೊಡೆದರು. ನಾನೂ ಹೊಡೆದೆ, ತೆಂಗಿನಕಾಯಿಗೆ ಏನೂ ಆಗಲಿಲ್ಲ, ನನ್ನ ಭುಜ ಮಾತ್ರ ಮೂರು ದಿನ ನೋಯ್ತಾ ಇತ್ತು.

ಆದರೆ ನನಗೆ ನೆನಪಿರೋದು ಸ್ಪರ್ಧೆ ಅಲ್ಲ. ಅಂಗಳದಲ್ಲಿ ಐದಾರು ವರ್ಷದ ಹುಡುಗನೊಬ್ಬ ಕಾಫಿ ಗಿಡದ ಕೋಲು ಹಿಡಿದು "ಢಂ ಢಂ" ಅಂತ ನನ್ನ ಎದೆಗೆ ಗುರಿ ಇಟ್ಟ. ನಾನು ನಕ್ಕು ಎರಡೂ ಕೈ ಎತ್ತಿದೆ. ಮನೆಯ ಅಜ್ಜ ನಗಲಿಲ್ಲ. ಎದ್ದು ಬಂದು ಕೋಲು ಕಿತ್ತುಕೊಂಡರು. ಕೋಲೇ ಆಗಲಿ, ಮನುಷ್ಯರ ಕಡೆ ತಿರುಗಿಸಬಾರದು ಅಂದರು. ಸಂಜೆ ಸ್ಪರ್ಧೆ ಮುಗಿದ ಮೇಲೆ ಅದೇ ಅಜ್ಜ ಒಂದೊಂದೇ ಕೋವಿ ಮುರಿದು ನಳಿಕೆಯೊಳಗೆ ಕಣ್ಣಿಟ್ಟು ನೋಡಿದರು. ತೋಟಾ ಎಣಿಸಿದರು. ಕೋವಿ ಒಂದು ಕೋಣೆಗೆ, ತೋಟಾ ಇನ್ನೊಂದು ಕಡೆಗೆ. ಎರಡಕ್ಕೂ ಬೀಗ. ಎರಡೂ ಬೀಗದ ಕೈ ಅವರ ಸೊಂಟದಲ್ಲಿ.

ಅವತ್ತು ಅದು ಮುದುಕರ ಅತಿ ಎಚ್ಚರ ಅನ್ನಿಸಿತ್ತು. ಈಗ ಅನ್ನಿಸುತ್ತೆ, ನಾಲ್ಕು ವರ್ಷದ ಇಂಜಿನಿಯರಿಂಗ್‌ನಲ್ಲಿ ನಾವು ಕಲಿತದ್ದನ್ನ ಆ ಅಜ್ಜ ಕಾಲೇಜಿಗೆ ಹೋಗದೆ ಕಲಿತಿದ್ದರು ಅಂತ.

ಹೇಗೆ ಅಂದ್ರೆ, ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಅಂತ ಒಂದು ಯಂತ್ರ ಇರುತ್ತೆ. ತಗಡನ್ನು ಒಂದೇ ಏಟಿಗೆ ಕತ್ತರಿಸುತ್ತೆ, ಬಗ್ಗಿಸುತ್ತೆ. ಅದಕ್ಕೆ ಎರಡು ಬಟನ್ ಇಡ್ತಾರೆ, ದೂರ ದೂರ. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಕೆಳಗಿಳಿಯುತ್ತೆ. ಯಾಕೆ? ಎರಡೂ ಕೈ ಬಟನ್ ಮೇಲಿದ್ದರೆ ಯಾವ ಕೈಯೂ ಯಂತ್ರದ ಬಾಯಲ್ಲಿ ಇರಲ್ಲ. ಇಪ್ಪತ್ತು ವರ್ಷ ಸರ್ವಿಸ್ ಆದ ಕೆಲಸಗಾರನಿಗೂ ಅದೇ ಬಟನ್. ಅವನಿಗೆ ಬುದ್ಧಿ ಇಲ್ಲ ಅಂತಲ್ಲ. ಮನುಷ್ಯ ಮರೀತಾನೆ, ಸುಸ್ತಾಗ್ತಾನೆ, ಯಾರೋ ಕರೆದರೆ ತಿರುಗಿ ನೋಡ್ತಾನೆ. ಸುರಕ್ಷತೆಯ ಲೆಕ್ಕದಲ್ಲಿ ತರಬೇತಿ ಬೇಕು, ಆದರೆ ಅದಕ್ಕೆ ಮೇಲಿನ ಜಾಗ ಇಲ್ಲ. ಮೊದಲು ಅಪಾಯವನ್ನೇ ದೂರ ಇಡು, ಆಮೇಲೆ ತಡೆಗೋಡೆ ಕಟ್ಟು, ಕೊನೆಗೆ ಪಾಠ ಹೇಳು.

ಅನುಭವಸ್ಥ ಕೆಲಸಗಾರನ ನೆನಪನ್ನೇ ನಂಬದ ನಾವು ಆರು ವರ್ಷದ ಮಗುವಿನ ನೆನಪನ್ನು ನಂಬಿ ಬಂದೂಕನ್ನು ಡ್ರಾಯರಿನಲ್ಲಿ ಇಡ್ತೀವಾ?

ನಂಬಿದರೆ ಏನಾಗುತ್ತೆ ಅನ್ನೋದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ 2001ರಲ್ಲಿ ಬಂದ ಅಧ್ಯಯನ ಅದು. ಎಂಟರಿಂದ ಹನ್ನೆರಡು ವರ್ಷದ 64 ಹುಡುಗರು. ಎರಡು ಮೂರು ಜನರ ಗುಂಪು ಮಾಡಿ ಒಂದು ಕೋಣೆಯಲ್ಲಿ ಬಿಟ್ಟರು. ಡ್ರಾಯರಿನಲ್ಲಿ ನಿಜವಾದ ಪಿಸ್ತೂಲು, ಗುಂಡು ಇಲ್ಲದ್ದು. ಅದು ಸಿಕ್ಕ ಹುಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೈಗೆತ್ತಿಕೊಂಡರು. ಮೂರರಲ್ಲಿ ಒಬ್ಬ ಟ್ರಿಗರ್ ಎಳೆದ. ಹಾಗೆ ಮುಟ್ಟಿದವರಲ್ಲಿ ಶೇಕಡಾ 90ಕ್ಕೂ ಹೆಚ್ಚು ಹುಡುಗರು ನಮಗೆ ಮೊದಲೇ ಬಂದೂಕು ಸುರಕ್ಷತೆಯ ಪಾಠ ಆಗಿದೆ ಅಂದರು. ಪಾಠ ಬಾಯಲ್ಲಿತ್ತು. ಬೆರಳು ಟ್ರಿಗರ್ ಮೇಲಿತ್ತು.

ಇನ್ನೊಂದು ಕಥೆ ಮಿಷಿಗನ್‌ನ ಆಕ್ಸ್‌ಫರ್ಡ್‌ನದು. 2021ರ ನವೆಂಬರ್. ಅಪ್ಪ 15 ವರ್ಷದ ಮಗನಿಗೆ ಪಿಸ್ತೂಲು ಕೊಡಿಸಿದರು. ಮರುದಿನ ಅಮ್ಮ ಮಗನನ್ನು ರೇಂಜಿಗೆ ಕರ್ಕೊಂಡು ಹೋದರು. ಪಿಸ್ತೂಲು ಕೊಂಡ ನಾಲ್ಕನೇ ದಿನ ಆ ಹುಡುಗ ತನ್ನ ಶಾಲೆಯಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ. ಇಲ್ಲಿ ತರಬೇತಿ ಫಲ ಕೊಟ್ಟಿತು, ಅಲ್ವಾ? ಹುಡುಗನಿಗೆ ಗುರಿ ಇಡೋದು ಗೊತ್ತಿತ್ತು. ಮನಸ್ಸಿನಲ್ಲಿ ಏನು ಕೊಳೀತಿದೆ ಅಂತ ಮಾತ್ರ ಯಾರೂ ನೋಡಲಿಲ್ಲ. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ ಕನಿಷ್ಠ ಹತ್ತು ವರ್ಷ ಜೈಲಾಯಿತು. ಅಲ್ಲಿನ ಕೋರ್ಟು ಹೇಳಿದ್ದು ಇಷ್ಟೇ: ಬಂದೂಕು ಮಗನ ಕೈಗೆ ಸಿಗೋ ಹಾಗೆ ಇಟ್ಟ ಹೊಣೆ ನಿಮ್ಮದು.

ಅಮೆರಿಕದಲ್ಲಿ 2020ರಿಂದ ಒಂದರಿಂದ 19 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತವೂ ಅಲ್ಲ, ಕ್ಯಾನ್ಸರೂ ಅಲ್ಲ. ಬಂದೂಕು. ನಮ್ಮಲ್ಲಿ ಹಾಗಿಲ್ಲ, ಯಾಕಂದ್ರೆ ನಮ್ಮ ಮನೆಗಳಲ್ಲಿ ಬಂದೂಕೇ ಕಡಿಮೆ. 21 ವರ್ಷ ಆಗದವರಿಗೆ ಲೈಸೆನ್ಸ್ ಇಲ್ಲ. ಆದರೆ ನಾವೇನು ಬುದ್ಧಿವಂತರು ಅಂತ ಬೀಗಬೇಕಿಲ್ಲ. 2025ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಹದಿಹರೆಯದ ಹುಡುಗ ಕೈಗೆ ಸಿಕ್ಕ ಬಂದೂಕು ಹಿಡಿದು ಆಟ ಆಡೋವಾಗ ಪುಟ್ಟ ಮಗುವೊಂದು ಸತ್ತಿದ್ದನ್ನು ಇದೇ ಚಾನೆಲ್‌ಗಳು ತೋರಿಸಿದವು. ಆಮೇಲೆ ಮರೆತವು.

ಹಾಗಾದ್ರೆ ಕಲಿಸಲೇಬಾರದಾ? ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡು ಕಂಚು ಗೆದ್ದ ಮನು ಭಾಕರ್ ಪಿಸ್ತೂಲು ಹಿಡಿದಿದ್ದು 14ನೇ ವಯಸ್ಸಿನಲ್ಲಿ. ಎನ್‌ಸಿಸಿ ಮಕ್ಕಳೂ ರೈಫಲ್ ಹಿಡೀತಾರೆ. ಅಲ್ಲಿ ಕೋಚ್ ಇದ್ದಾರೆ, ಎಣಿಸಿ ಕೊಟ್ಟ ಗುಂಡಿದೆ, ಬೀಗ ಇದೆ. ಆಸೆಪಟ್ಟ ಮಗು ಬೆಳೆದು ಬಂದ ಮೇಲೆ ಕಲೀಲಿ. ನನ್ನ ತಕರಾರು ಕಲಿಕೆಯ ಮೇಲಲ್ಲ. "ಮಗುವಿಗೆ ಕಲಿಸಿದ್ದೀನಿ" ಅಂತ ದೊಡ್ಡವರು ನಿಶ್ಚಿಂತೆಯಿಂದ ಮಲಗ್ತಾರಲ್ಲ, ಅದರ ಮೇಲೆ. ಆ ಕ್ಷಣಕ್ಕೆ ಹೊಣೆ ಅಪ್ಪನ ಹೆಗಲಿಂದ ಇಳಿದು ಮಗುವಿನ ಹೆಗಲಿಗೆ ಹೋಯ್ತು. ಅರಿಜೋನಾದ ಆ ತರಬೇತುದಾರನ ಮಕ್ಕಳು ಮುಂದೆ ವಿಡಿಯೋ ಸಂದೇಶದಲ್ಲಿ ಆ ಹುಡುಗಿಯ ಮೇಲೆ ತಮಗೆ ಕೋಪ ಇಲ್ಲ ಅಂದರು. ದೊಡ್ಡ ಮನಸ್ಸು. ಆದರೆ ಒಂಬತ್ತು ವರ್ಷದ ಮಗು ಕ್ಷಮೆ ಪಡೀಬೇಕಾದ ಜಾಗಕ್ಕೆ ಬಂದಿದ್ದಾದರೂ ಯಾಕೆ?

ಗೆಳೆಯನಿಗೆ ಬರೆದೆ: "ಎಂಟು ವರ್ಷಕ್ಕೆ ಬೇಡ. ಅಜ್ಜನಿಗೆ ಕೈ ಮುಗಿದು ಬೇಡ ಅನ್ನು. ಜೊತೆಗೆ ಒಂದು ಮಾತು ಕೇಳು, ಮಗ ಅವರ ಮನೆಗೆ ಆಡೋಕೆ ಹೋಗ್ತಾನಲ್ಲ, ಅಲ್ಲಿ ಬಂದೂಕು ಎಲ್ಲಿಡ್ತಾರೆ ಅಂತ." ಸುಮ್ಮನೆ ಸೇರಿಸಿದೆ: "ನಿನ್ನ ಹತ್ರ ಇಲ್ಲ ತಾನೆ?"

ಇಪ್ಪತ್ತು ನಿಮಿಷ ಉತ್ತರ ಇಲ್ಲ. ಆಮೇಲೆ ಬಂತು. ಹೋದ ವರ್ಷ ಬೀದಿಯಲ್ಲಿ ಕಳ್ಳತನ ಆದ ಮೇಲೆ ಒಂದು ಪಿಸ್ತೂಲು ತಗೊಂಡಿದ್ದಾನೆ. ಬೀರು ಮೇಲೆ, ಸೂಟ್‌ಕೇಸಿನ ಹಿಂದೆ ಇಟ್ಟಿದ್ದಾನೆ. "ಅವನಿಗೆ ಗೊತ್ತಿಲ್ಲ ಬಿಡೋ."

ನಮ್ಮಮ್ಮ ಚಕ್ಕುಲಿ ಡಬ್ಬಿಯನ್ನು ಅಟ್ಟದ ಮೇಲೆ, ಹಳೇ ಹಾಸಿಗೆಯ ಹಿಂದೆ ಇಡ್ತಿದ್ದರು. ನನಗೆ ಗೊತ್ತಿಲ್ಲ ಅಂತ ಅವರೂ ಅನ್ಕೊಂಡಿದ್ದರು.

ಅದನ್ನೇ ಬರೆದೆ. ಇವತ್ತು ಬೆಳಗ್ಗೆ ಮತ್ತೆ ಮೆಸೇಜ್: "ಲಾಕ್ ಬಾಕ್ಸ್ ಆರ್ಡರ್ ಮಾಡಿದ್ದೀನಿ. ಎರಡು ದಿನದಲ್ಲಿ ಬರುತ್ತೆ." ನಾನು ಕೇಳಿದೆ: "ಆ ಎರಡು ದಿನ?"

ಈ ಮಾತು ಟೆಕ್ಸಾಸ್‌ನಲ್ಲಿರೋ ಕನ್ನಡಿಗನಿಗೂ ಹೌದು, ಕಾಫಿ ತೋಟದ ಮನೆಗೂ ಹೌದು, ಬೆಳೆ ಕಾಯೋಕೆ ಲೈಸೆನ್ಸ್ ಕೋವಿ ಇಟ್ಟುಕೊಂಡ ನಮ್ಮ ರೈತನಿಗೂ ಹೌದು. ಗುಂಡು ತೆಗೆದಿಡಿ. ಕೋವಿಗೆ ಒಂದು ಬೀಗ, ತೋಟಾಗೆ ಇನ್ನೊಂದು. ಬೀಗದ ಕೈ ನಿಮ್ಮ ಸೊಂಟದಲ್ಲಿರಲಿ. ಮಗುವಿಗೆ ಕಲಿಸಲೇಬೇಕು ಅಂದ್ರೆ ಆ ಅಜ್ಜ ಕಲಿಸಿದ್ದನ್ನು ಕಲಿಸಿ. ಅದು ಕೋಲು ಹಿಡಿದ ವಯಸ್ಸಿಗೇ ಶುರುವಾಗಲಿ.

ಮಿಕ್ಕಿದ್ದು ಮಗುವಿನ ಪಾಠ ಅಲ್ಲ, ನಮ್ಮ ಕೆಲಸ. ಯೋಚನೆ ಮಾಡಿ.