ಹಿಂದೆ ಬರೋರಿಗೆ ಒಂದು ಮಾತು: ಗುಜರಾತ್ ಹೈವೇನಲ್ಲಿ ಸ್ಟಿಕರ್ ಓದುತ್ತಾ

ಭಾನುವಾರ ಮಧ್ಯಾಹ್ನ, ಅದೂ ಬಿಸಿಬೇಳೆಬಾತ್ ಊಟ ಆದ ಮೇಲೆ ಮಾತಾಡೋಕೆ ನಿಲ್ಲಿಸಿದ್ದಾರೆ. ನಿದ್ದೆ ಬಂದ್ರೆ ಇಲ್ಲೇ ಮಾಡಿ, ಬೇಜಾರಿಲ್ಲ. ಸಂಜೆ ಸೂರತ್‌ಗೆ ಕಾರ್ ಓಡಿಸ್ಕೊಂಡು ವಾಪಸ್ ಹೋಗೋವಾಗ ಮಾತ್ರ ಬೇಡ.

ನಾನಿರೋದು ವಡೋದರಾದಲ್ಲಿ, ಆಫೀಸ್ ಇರೋದು ಅಹಮದಾಬಾದ್‌ನ ಎಸ್.ಜಿ. ಹೈವೇನಲ್ಲಿ. ವಾರಕ್ಕೆ ಎರಡು ದಿನ ಎಕ್ಸ್‌ಪ್ರೆಸ್‌ವೇ ಮೇಲೆ ಹೋಗಿ ಬರ್ತೀನಿ. ಭಾವ ಸೂರತ್‌ನಲ್ಲಿದ್ದಾರೆ, ಆದ್ದರಿಂದ ತಿಂಗಳಿಗೊಮ್ಮೆ ನರ್ಮದಾ ದಾಟೋದೂ ಇದೆ. ಇಷ್ಟೆಲ್ಲಾ ಓಡಾಡಿ ನನಗೆ ಆದ ಮೊದಲ ಲಾಭ ಏನು ಗೊತ್ತಾ? ಗುಜರಾತಿ ಓದೋಕೆ ಬಂತು. ನಿಜವಾಗ್ಲೂ. ಯಾವ ಕ್ಲಾಸಿಗೂ ಹೋಗಿಲ್ಲ, ಯಾವ ಆ್ಯಪೂ ಹಾಕ್ಕೊಂಡಿಲ್ಲ. ನನ್ನ ಮುಂದೆ ಹೋಗೋ ಲಾರಿ, ಛಕಡಾ, ಇಕೋ ಕಾರುಗಳ ಬೆನ್ನೇ ನನ್ನ ಪಾಟಿ. ಶಾಲೇಲಿ ಹಿಂದಿ ಓದಿದವರಿಗೆ ಇದು ಕಷ್ಟವಲ್ಲ, ದೇವನಾಗರಿಯ ತಲೆಗೆರೆ ತೆಗೆದುಬಿಟ್ರೆ ಅರ್ಧ ಅಕ್ಷರ ಗುರುತು ಸಿಗುತ್ತೆ. ‘ಜಯ ಮಾತಾಜಿ’ ಮೊದಲು ಬಂತು. ಆಮೇಲೆ ‘ಖೋಡಲ್’. ಆಮೇಲೆ ‘ಬಾಪಾ ಸೀತಾರಾಮ್’, ‘ಜಯ ದ್ವಾರಕಾಧೀಶ್’, ‘ಮೇಲಡಿ ಮಾ’, ‘ಮೊಗಲ್’. ಆರು ತಿಂಗಳಲ್ಲಿ ಅಕ್ಷರದ ಜೊತೆಗೆ ಕುಲದೇವತೆಗಳ ಪರಿಚಯವೂ ಆಯ್ತು. ಹಿಂದಿನ ಗಾಜಿನ ಮೇಲೆ ‘ಖೋಡಲ್’ ಅಂತಿದ್ರೆ ಕಾರಿನವರು ಬಹುಶಃ ಪಟೇಲರು, ಸೌರಾಷ್ಟ್ರ ಕಡೆಯವರು ಅಂತ ನಮ್ಮ ಆಫೀಸಿನ ಹುಡುಗ ಹೇಳಿಕೊಟ್ಟ. ‘ಬಾಪಾ ಸೀತಾರಾಮ್’ ಅಂದ್ರೆ ಭಾವನಗರ ಜಿಲ್ಲೆಯ ಬಗದಾಣಾದ ಬಜರಂಗದಾಸ ಬಾಪಾ ಅವರ ಭಕ್ತರು.

ನಮ್ಮ ಕಡೆ ಹೇಗೆ ಅಂತ ನಿಮಗೇ ಗೊತ್ತು. ಬೆಂಗಳೂರು ಆಟೋ ಹಿಂದೆ ಶಂಕರ್‌ನಾಗ್. ‘ಆಟೋ ರಾಜ’ ಬಂದಿದ್ದು 1980ರಲ್ಲಿ, ಅವರು ಹೋಗಿದ್ದು 1990ರಲ್ಲಿ, ಆದರೂ ಆ ಕನ್ನಡಕದ ಮುಖ ಇನ್ನೂ ಟ್ರಾಫಿಕ್‌ನಲ್ಲಿ ನಿಂತಿದೆ. ಹುಬ್ಬಳ್ಳಿ ಕಡೆ ಟಂಟಂ ಹಿಂದೆ ‘ತಾಯಿಯ ಆಶೀರ್ವಾದ’. ಸರ್ಕಾರಿ ಬಸ್ಸಿನ ಹಿಂದೆ ‘ಅಂತರ ಕಾಪಾಡಿ’. ರಸ್ತೆ ಬದಿ ಬೋರ್ಡುಗಳಲ್ಲಿ ‘ಅತಿ ವೇಗ ತಿಥಿ ಬೇಗ’. ನಾಲ್ಕು ಪದದಲ್ಲಿ ಇಷ್ಟು ಸ್ಪಷ್ಟವಾಗಿ ಬೇರೆ ಯಾವ ಭಾಷೆಯಲ್ಲೂ ಹೆದರಿಸೋಕಾಗಲ್ಲ ಅಂತ ನನ್ನ ಅಭಿಪ್ರಾಯ. ಅದೇ ಕೊಡಗಿನಲ್ಲಿ ‘ಅವಸರವೇ ಅಪಘಾತಕ್ಕೆ ಕಾರಣ’ ಅನ್ನೋದನ್ನ ಇಂಗ್ಲಿಷ್‌ಗೆ ತಂದು ‘ಅರ್ಜೆಂಟ್ ಮೇಕ್ ಆ್ಯನ್ ಆ್ಯಕ್ಸಿಡೆಂಟ್’ ಅಂತ ಬರೆದ ಬೋರ್ಡು 2024ರಲ್ಲಿ ನಮ್ಮೆಲ್ಲರ ವಾಟ್ಸ್‌ಆ್ಯಪ್‌ಗೂ ಬಂದಿತ್ತು. ನಕ್ಕಿದ್ದೇವೆ. ಆದರೆ ಸಂದೇಶ ಮುಟ್ಟಿತ್ತು ತಾನೆ?

ಹೆದ್ದಾರಿ ಲಾರಿಗಳ ಸಾಹಿತ್ಯ ಮಾತ್ರ ಅಖಿಲ ಭಾರತ ಮಟ್ಟದ್ದು. ‘ಹಾರ್ನ್ ಓಕೆ ಪ್ಲೀಸ್’ ಯಾಕೆ ಬಂತು ಅನ್ನೋದಕ್ಕೆ ಹತ್ತು ಕಥೆ ಇವೆ, ಒಂದಕ್ಕೂ ಸರಿಯಾದ ಪುರಾವೆ ಇಲ್ಲ. ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಅದನ್ನ ಬರೆಯಬಾರದು ಅಂತ ಆದೇಶ ಹೊರಡಿಸ್ತು, ಸುಮ್ಮಸುಮ್ಮನೆ ಹಾರ್ನ್ ಹೊಡೆಯೋಕೆ ಅದೇ ಆಹ್ವಾನ ಕೊಡುತ್ತೆ ಅಂತ. ಇವತ್ತಿಗೂ ಮಹಾರಾಷ್ಟ್ರದ ನಂಬರಿನ ಲಾರಿಗಳು ಅದನ್ನೇ ಬರೆಸ್ಕೊಂಡು ನನ್ನ ಮುಂದೆ ಹೋಗ್ತವೆ. ‘ಯೂಸ್ ಡಿಪ್ಪರ್ ಅಟ್ ನೈಟ್’ನಲ್ಲಿರೋ ‘ಡಿಪ್ಪರ್’ ಅನ್ನೋದನ್ನ ಟಾಟಾ ಮೋಟಾರ್ಸ್‌ನವರು 2016ರಲ್ಲಿ ಲಾರಿ ಚಾಲಕರಿಗಾಗಿ ತಂದ ಕಾಂಡೋಮ್‌ಗೇ ಹೆಸರಾಗಿ ಇಟ್ಟರು. ಜಾಹೀರಾತಿಗೆ ಬೇರೆ ಖರ್ಚೇ ಬೇಡ, ದೇಶದ ಎಲ್ಲಾ ಲಾರಿಗಳ ಹಿಂದೆ ಮೊದಲೇ ಬರೆದಿತ್ತು! (ನಗು) ನನಗೆ ತುಂಬಾ ಇಷ್ಟವಾದದ್ದು ‘ಜಗಾ ಮಿಲ್ನೇ ಪರ್ ಸೈಡ್ ದಿಯಾ ಜಾಯೇಗಾ’. ಜಾಗ ಸಿಕ್ಕಾಗ ಸೈಡ್ ಕೊಡಲಾಗುವುದು. ಎಷ್ಟು ಘನತೆ ನೋಡಿ. ನಮ್ಮ ಸಪೋರ್ಟ್ ಟೀಮ್‌ನ ಆಟೋಮ್ಯಾಟಿಕ್ ರಿಪ್ಲೈ ಇದ್ದ ಹಾಗೇ ಇದೆ.

ಆದರೆ ಒಂದು ವಿಷಯ ಗಮನಿಸಿದ್ದೀರಾ? ಈ ಬರಹಗಳನ್ನ ಓದಬೇಕು ಅಂದ್ರೆ ಹತ್ತಿರ ಹೋಗಬೇಕು. ಲಾರಿ ಹಿಂದಿನ ದೊಡ್ಡ ಅಕ್ಷರ ದೂರದಿಂದ ಕಾಣುತ್ತೆ. ಕಾರಿನ ಸಣ್ಣ ಸ್ಟಿಕರ್ ಕಾಣಲ್ಲ. ‘ಇದು ಓದೋಕಾಗ್ತಿದ್ರೆ ನೀವು ತುಂಬಾ ಹತ್ತಿರ ಬಂದಿದ್ದೀರಿ’ ಅನ್ನೋ ಇಂಗ್ಲಿಷ್ ಸ್ಟಿಕರ್ ಇದೆಯಲ್ಲ, ಅದನ್ನ ಓದೋಕೆ ಅಂತಾನೇ ಜನ ಇನ್ನೂ ಹತ್ತಿರ ಬರ್ತಾರೆ.

ಈಗ ಲೆಕ್ಕಕ್ಕೆ ಬರೋಣ. ಎಂ.ಟೆಕ್ ಮಾಡಿದವನನ್ನ ಕರೆದಿದ್ದೀರಿ, ಸ್ವಲ್ಪ ಸಹಿಸ್ಕೊಳ್ಳಿ.

ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇ 93 ಕಿ.ಮೀ. ಒಂದು ದಿಕ್ಕಿಗೆ ಎರಡೇ ಲೇನ್. ಬೈಕ್, ಆಟೋ ಇಲ್ಲ, ದನ ಇಲ್ಲ, ಸಿಗ್ನಲ್ ಇಲ್ಲ. ಹಾಗಾಗಿ ಎಲ್ಲರಿಗೂ ಧೈರ್ಯ. ಗಂಟೆಗೆ 100 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 28 ಮೀಟರ್. ಮುಂದಿನವನು ಬ್ರೇಕ್ ಹಾಕಿದ್ದು ಕಣ್ಣಿಗೆ ಬಿದ್ದು, ಕಾಲು ಆಕ್ಸಿಲರೇಟರ್‌ನಿಂದ ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಇಟ್ಕೊಳ್ಳಿ. ಅಷ್ಟರಲ್ಲಿ 42 ಮೀಟರ್ ಹೋಗಿರ್ತೀವಿ, ಇನ್ನೂ ಬ್ರೇಕ್ ಹಿಡಿದೇ ಇಲ್ಲ. ಒಣ ರಸ್ತೆ, ಒಳ್ಳೆ ಟೈರ್ ಇದ್ರೂ ನಿಲ್ಲೋಕೆ ಮತ್ತೆ 55 ಮೀಟರ್ ಬೇಕು. ಒಟ್ಟು ಹತ್ತಿರ ಹತ್ತಿರ 100 ಮೀಟರ್. ಈಗ ನಿಮ್ಮ ಹಿಂದೆ 10 ಮೀಟರ್‌ನಲ್ಲಿ ಹೆಡ್‌ಲೈಟ್ ಮಿಣುಕಿಸ್ತಾ ಬರೋ ಫಾರ್ಚೂನರ್ ನೆನಪು ಮಾಡ್ಕೊಳ್ಳಿ. ಅವನ ಹತ್ತಿರ ಇರೋ ಸಮಯ ಸೆಕೆಂಡಿನ ಮೂರನೇ ಒಂದು ಭಾಗ. ಅವನು ಎಷ್ಟೇ ಒಳ್ಳೆ ಡ್ರೈವರ್ ಆಗಿರಲಿ, ಕಣ್ಣು ಮಿಟುಕಿಸಿದ್ರೆ ಮುಗೀತು. 2024ರ ಏಪ್ರಿಲ್ 17ರಂದು ಇದೇ ಎಕ್ಸ್‌ಪ್ರೆಸ್‌ವೇನಲ್ಲಿ ನಡಿಯಾದ್ ಹತ್ತಿರ ಒಂದು ಕಾರು ಟ್ರೇಲರ್‌ಗೆ ಹಿಂದಿನಿಂದ ಗುದ್ದಿ 10 ಜನ ಹೋದರು. ಆ ಜಾಗ ದಾಟೋವಾಗ ನಾನು ಈಗಲೂ ರೇಡಿಯೋ ಕಮ್ಮಿ ಮಾಡ್ತೀನಿ.

ಇನ್ನು ಉಳಿತಾಯ ಎಷ್ಟು? 93 ಕಿ.ಮೀ.ಗೆ 100ರಲ್ಲಿ 56 ನಿಮಿಷ, 110ರಲ್ಲಿ 51 ನಿಮಿಷ. ಐದು ನಿಮಿಷ. ಅಹಮದಾಬಾದ್ ಒಳಗೆ ಸಿ.ಟಿ.ಎಂ. ಹತ್ತಿರ ಅದು ಒಂದೇ ಸಿಗ್ನಲ್‌ನಲ್ಲಿ ಹೋಗುತ್ತೆ.

‘ಗ್ಯಾಪ್ ಬಿಟ್ರೆ ಬೇರೆಯವರು ನುಗ್ತಾರೆ’ ಅಂತೀರಿ. ನುಗ್ತಾರೆ, ಹೌದು. ನುಗ್ಗಲಿ. ಒಬ್ಬ ನುಗ್ಗಿದ್ರೆ ಮತ್ತೆ ಅಂತರ ಮಾಡ್ಕೊಳ್ಳೋಕೆ ನಿಮಗೆ ಆಗೋ ನಷ್ಟ ಎರಡು ಸೆಕೆಂಡ್. ಮೂವತ್ತು ಜನ ನುಗ್ಗಿದ್ರೆ ಒಂದು ನಿಮಿಷ.

ಅಂತರ ಅಳೆಯೋದನ್ನ ನನಗೆ ಕಲಿಸಿದ್ದು ನಮ್ಮಪ್ಪ. ಹುಬ್ಬಳ್ಳಿ ಡಿಪೋದಲ್ಲಿ ಬಸ್ ಓಡಿಸಿ ರಿಟೈರ್ ಆದವರು. ಅಪಘಾತ ಮಾಡದ ಚಾಲಕರಿಗೆ ನಿಗಮ ಬೆಳ್ಳಿ ಪದಕ ಕೊಡುತ್ತೆ, ಅದು ನಮ್ಮ ಮನೆಯ ಟಿವಿ ಪಕ್ಕ ಇದೆ. ಎಷ್ಟೋ ದೇಶಗಳಲ್ಲಿ ಹೇಳೋ ಎರಡು ಸೆಕೆಂಡ್ ನಿಯಮವೇ ಅವರದ್ದೂ, ಆದರೆ ಎಣಿಕೆ ಅವರ ಸ್ವಂತದ್ದು. ಮುಂದಿನ ಗಾಡಿ ಒಂದು ಕಂಬ ದಾಟಿದ ಕೂಡಲೇ ನಿಧಾನಕ್ಕೆ ‘ಹುಬ್ಬಳ್ಳಿ-ಧಾರವಾಡ, ಹುಬ್ಬಳ್ಳಿ-ಧಾರವಾಡ’ ಅನ್ನಬೇಕು. ಎರಡನೇ ಧಾರವಾಡ ಮುಗಿಯೋದಕ್ಕೆ ಮೊದಲೇ ನೀವು ಆ ಕಂಬಕ್ಕೆ ಬಂದ್ರೆ ಹತ್ತಿರ ಇದ್ದೀರಿ ಅಂತ. ಮಳೆ ಬಂದ್ರೆ ನಾಲ್ಕು ಸಲ. ಜರ್ಮನಿಯವರು ಇನ್ನೂ ಸರಳ: ಸ್ಪೀಡೋಮೀಟರ್ ತೋರಿಸೋದರ ಅರ್ಧದಷ್ಟು ಮೀಟರ್ ಬಿಡು ಅಂತಾರೆ, 100ಕ್ಕೆ 50. ಲೆಕ್ಕ ಮಾಡಿ ನೋಡಿದ್ರೆ ಅಪ್ಪಂದೇ ಸ್ವಲ್ಪ ಜಾಸ್ತಿ ಸುರಕ್ಷಿತ.

ಕಳೆದ ವರ್ಷ ಅಪ್ಪ ಬಂದಾಗ ಸೂರತ್‌ಗೆ ಕರ್ಕೊಂಡು ಹೊರಟಿದ್ದೆ. ಅವರು ಪಕ್ಕದ ಸೀಟ್‌ನಲ್ಲಿ ಕೂತು, ಕಾಲಲ್ಲಿ ಇಲ್ಲದ ಬ್ರೇಕ್ ಒತ್ತುತ್ತಾ ಬರ್ತಾರೆ. ಹಿಂದೆ ಒಂದು ಬಿಳಿ ಕಾರು ಹತ್ತು ಕಿಲೋಮೀಟರ್‌ನಿಂದ ಅಂಟ್ಕೊಂಡಿತ್ತು. ಎಡಕ್ಕೆ ಬಂದ್ರೆ ಅದೂ ಎಡಕ್ಕೆ. ಅಪ್ಪ ಕನ್ನಡಿ ನೋಡ್ತಾ, ‘ತಮ್ಮಾ, ಅಂವಗ ಹೋಗಾಕ ಬಿಡು. ಅಂವಂದೇನೋ ಕೆಲ್ಸ ಇರ್ತೈತಿ’ ಅಂದ್ರು. ಭರೂಚ್‌ಗಿಂತ ಸ್ವಲ್ಪ ಮೊದಲು ಟೋಲ್ ಸಾಲು. ನಾವು ನಿಂತ್ವಿ, ಅವನು ನಿಲ್ಲಲಿಲ್ಲ. ದೊಡ್ಡ ವೇಗ ಏನಲ್ಲ, ಕೈಲಿ ಫೋನ್ ಇತ್ತು ಅಷ್ಟೆ. ನಂಬರ್ ಬರ್ಕೊಳ್ಳೋಕೆ ಅವನ ಕಾರಿನ ಹಿಂದೆ ಹೋದೆ. ಹಿಂದಿನ ಗಾಜಿನ ಮೇಲೆ ಏನಿತ್ತು ಹೇಳಿ? ‘ಕೀಪ್ ಡಿಸ್ಟೆನ್ಸ್’. ಸಿಟ್ಟು ಬರಬೇಕಿತ್ತು, ನಗು ಬಂತು. ಒಳಗೆ ಅಪ್ಪ ಕುತ್ತಿಗೆ ಹಿಡ್ಕೊಂಡು ಕೂತಿದ್ದು ನೋಡಿದ ಮೇಲೆ ಆ ನಗುನೂ ಹೋಯ್ತು.

ಮೂಳೆ ಏನೂ ಮುರಿದಿರಲಿಲ್ಲ. ಕುತ್ತಿಗೆ ಉಳುಕಿತ್ತು, ಆರು ವಾರ ಪಟ್ಟಿ. ಈಗ ಕುತ್ತಿಗೆ ಸರಿ ಇದೆ, ಆದರೆ ಅಪ್ಪ ಹೈವೇನಲ್ಲಿ ಕಾರು ಹತ್ತಲ್ಲ. ಜೀವನವಿಡೀ ರಸ್ತೆ ಮೇಲೇ ಇದ್ದ ಮನುಷ್ಯ. ಮೈಸೂರು–ಅಜ್ಮೀರ್ ಎಕ್ಸ್‌ಪ್ರೆಸ್‌ನಲ್ಲಿ ಹುಬ್ಬಳ್ಳಿಯಿಂದ ವಡೋದರಾಕ್ಕೆ ಬರ್ತಾರೆ, ಅದೇ ರೈಲಲ್ಲಿ ವಾಪಸ್ ಹೋಗ್ತಾರೆ. ಮಗಳ ಮನೆಗೆ ಸೂರತ್‌ಗೂ ರೈಲೇ. ಅದಕ್ಕೇ ಈ ವಿಷಯ ಇವತ್ತು ಆರಿಸ್ಕೊಂಡಿದ್ದು.

ಆ ಸ್ಟಿಕರ್ ತಲೆಯಿಂದ ಹೋಗಲಿಲ್ಲ. ಹುಡುಕಿದಾಗ ಅಮೆರಿಕದ ಒಂದು ಅಧ್ಯಯನ ಸಿಕ್ತು. ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯ ವಿಲಿಯಂ ಸ್ಲೆಮ್ಕೋ ಮತ್ತು ಜೊತೆಗಾರರದ್ದು, 2008ರಲ್ಲಿ ಪ್ರಕಟವಾದದ್ದು. ಕಾರಿನ ಮೇಲೆ ಸ್ಟಿಕರ್, ಅಲಂಕಾರ ಜಾಸ್ತಿ ಇದ್ದವರು ರಸ್ತೆಯಲ್ಲಿ ಸಿಟ್ಟು ತೋರಿಸೋದೂ ಜಾಸ್ತಿಯಂತೆ. ಮಜಾ ಏನಂದ್ರೆ ಸ್ಟಿಕರ್‌ನಲ್ಲಿ ಏನು ಬರೆದಿದೆ ಅನ್ನೋದು ಮುಖ್ಯವೇ ಅಲ್ಲ. ಶಾಂತಿ, ಪ್ರೀತಿ ಅಂತ ಬರೆದಿದ್ರೂ ಅಷ್ಟೇ. ಅವರ ವಿವರಣೆ ಪ್ರಕಾರ ಸ್ಟಿಕರ್ ಹಚ್ಚೋದು ‘ಇದು ನನ್ನ ಜಾಗ’ ಅಂತ ಗುರುತು ಹಾಕೋ ಹಾಗೆ. ಆಮೇಲೆ ಸಾರ್ವಜನಿಕ ರಸ್ತೆಯೂ ನನ್ನ ಜಾಗವೇ ಅನ್ನಿಸೋಕೆ ಶುರುವಾಗುತ್ತೆ. ನಮ್ಮ ದೇಶಕ್ಕೆ ಇದು ಹಾಗೇ ಅನ್ವಯಿಸುತ್ತೆ ಅಂತ ನಾನು ಹೇಳಲ್ಲ. ನಮ್ಮಲ್ಲಿ ಖೋಡಲ್ ಮಾ ಸ್ಟಿಕರ್ ಭಕ್ತಿ, ರಕ್ಷೆ. ಅಮೆರಿಕದ ಜೋಕ್ ಅಲ್ಲ. ಆದರೂ ನಿಮ್ಮ ಕಾರಿನ ಹಿಂದೆ ಕನ್ನಡ ಬಾವುಟ, ಊರ ದೇವರು, ‘ಬೇಬಿ ಆನ್ ಬೋರ್ಡ್’ ಮೂರೂ ಇದ್ರೆ, ಮನೆಗೆ ಹೋಗಿ ಹೆಂಡತಿಯನ್ನೋ ಗಂಡನನ್ನೋ ಕೇಳಿ ನೋಡಿ, ‘ನಾನು ಹೇಗೆ ಓಡಿಸ್ತೀನಿ?’ ಅಂತ.

ಇನ್ನೊಂದು ಪ್ರಯೋಗ ನಮ್ಮ ಕೆಲಸದವರಿಗೆ ಇಷ್ಟವಾಗುತ್ತೆ. ಅದೂ 2008ರಲ್ಲೇ ಪ್ರಕಟವಾದದ್ದು: ಜಪಾನಿನ ಸುಗಿಯಾಮಾ ಅನ್ನೋರ ತಂಡ 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರು ಬಿಟ್ಟು, ಎಲ್ಲರೂ ಗಂಟೆಗೆ 30 ಕಿ.ಮೀ.ನಲ್ಲಿ ಸಮನಾಗಿ ಹೋಗಿ ಅಂತು. ಸಿಗ್ನಲ್ ಇಲ್ಲ, ಗುಂಡಿ ಇಲ್ಲ, ಎಮ್ಮೆ ಇಲ್ಲ. ಸ್ವಲ್ಪ ಹೊತ್ತಿಗೆ ಜಾಮ್ ಆಯ್ತು! ಒಬ್ಬ ಚೂರು ನಿಧಾನ ಮಾಡಿದ್ರೆ ಹಿಂದಿನವನು ಇನ್ನೂ ಜಾಸ್ತಿ ಬ್ರೇಕ್, ಅವನ ಹಿಂದಿನವನು ಮತ್ತೂ ಜಾಸ್ತಿ, ಕೊನೆಗೆ ಯಾರೋ ಪೂರ್ತಿ ನಿಂತರು. ಬಫರ್ ಇಲ್ಲದ ಸಿಸ್ಟಮ್ ಹೇಗೆ ಕೂತುಬಿಡುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಸರ್ವರ್‌ಗೆ ಹೆಡ್‌ರೂಮ್ ಬಿಡೋ ನಾವೇ ಎಸ್.ಜಿ. ಹೈವೇನಲ್ಲಿ ಬಂಪರ್‌ಗೆ ಬಂಪರ್ ತಾಗಿಸ್ತೀವಿ.

ಸರಿ, ಹಿಂದೆ ಒಬ್ಬ ಅಂಟ್ಕೊಂಡ, ಏನ್ಮಾಡೋದು? ಮೊದಲನೆಯದಾಗಿ, ಪಾಠ ಕಲಿಸೋಕೆ ಬ್ರೇಕ್ ಒತ್ತಬೇಡಿ. ಕಾರಣವಿಲ್ಲದೆ ಗಕ್ಕನೆ ಬ್ರೇಕ್ ಹಾಕೋದು 2017ರ ಚಾಲನಾ ನಿಯಮಾವಳಿಯಲ್ಲೇ ನಿಷಿದ್ಧ, ಮುಂದಿನ ಗಾಡಿಯಿಂದ ಅಂತರ ಬಿಡಬೇಕು ಅನ್ನೋದೂ ಅದರಲ್ಲೇ ಇದೆ. ಬಲ ಲೇನ್‌ನಲ್ಲಿದ್ರೆ ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ. ಇಲ್ಲಿ ಲಾರಿಗಳೇ ಬಲದಲ್ಲಿ ಬೀಡುಬಿಟ್ಟಿರ್ತವೆ, ಎಡಕ್ಕೆ ಬರೋಕೆ ಜಾಗ ಸಿಗದೇ ಇರಬಹುದು. ಆಗ ನಿಮ್ಮ ಮುಂದಿನ ಅಂತರವನ್ನ ಜಾಸ್ತಿ ಮಾಡಿ. ಹಿಂದಿನವನ ಹತ್ತಿರ ಸಮಯ ಇಲ್ಲ, ಆದ್ದರಿಂದ ಅವನ ಪಾಲಿನ ಸಮಯವನ್ನೂ ನೀವೇ ಮುಂದುಗಡೆ ಇಟ್ಕೊಳ್ಳಬೇಕು. ಮುಂದೆ ಏನಾದ್ರೂ ಆದ್ರೆ ನೀವು ನಿಧಾನಕ್ಕೆ ನಿಲ್ಲಬಹುದು, ಅವನೂ ಬಚಾವ್. ಅನ್ಯಾಯ ಅನ್ಸುತ್ತೆ, ಅನ್ಯಾಯವೇ. ನಾನು ಅಪ್ಪನ ಕುತ್ತಿಗೆ ನೋಡಿದ ಮೇಲೆ ಅದನ್ನ ಲೆಕ್ಕಕ್ಕೆ ಇಟ್ಕೊಂಡಿಲ್ಲ. ಟೋಲ್, ಜಾಮ್ ಕಂಡ ತಕ್ಷಣ ಬ್ರೇಕ್ ಪೆಡಲ್ ಎರಡು ಸಲ ಮೆಲ್ಲಗೆ ಮುಟ್ಟಿ, ಹಿಂದೆ ದೀಪ ಮಿನುಗಲಿ.

ಲಾರಿಯವನು ಬಲ ಇಂಡಿಕೇಟರ್ ಹಾಕಿದ್ರೆ ‘ಹೋಗು’ ಅಂತಾನೂ ಆಗಬಹುದು, ‘ನಾನು ಬಲಕ್ಕೆ ತಿರುಗ್ತೀನಿ’ ಅಂತಾನೂ ಆಗಬಹುದು. ಗೊತ್ತಾಗೋವರೆಗೆ ಕಾಯಿರಿ.

ಕಾರಿನ ಒಳಗೆ ಎರಡು ಕೆಲಸ. ಹೆಡ್‌ರೆಸ್ಟ್ ಎತ್ತಿ, ಅದರ ಮೇಲ್ತುದಿ ನಿಮ್ಮ ತಲೆಯ ಮೇಲ್ಭಾಗದ ಸಮಕ್ಕೆ ಬರಲಿ. ಅದು ತಲೆ ಒರಗಿಸಿ ಮಲಗೋಕೆ ಕೊಟ್ಟಿರೋದಲ್ಲ, ಹಿಂದಿನಿಂದ ಗುದ್ದಿದಾಗ ಕುತ್ತಿಗೆ ಹಿಂದಕ್ಕೆ ಒಡೆಯದ ಹಾಗೆ ತಡೆಯೋಕೆ. ಅವತ್ತು ಅಪ್ಪನ ಸೀಟಿನದ್ದು ಪೂರ್ತಿ ಕೆಳಗಿತ್ತು, ಎತ್ತೋದು ಬೇಡ, ಟೋಪಿ ತಾಗುತ್ತೆ ಅಂತ ಅವರೇ ಹೇಳಿದ್ರು. ಇನ್ನೊಂದು, ಹಿಂದಿನ ಸೀಟಿನವರಿಗೂ ಬೆಲ್ಟ್. 2022ರ ಸೆಪ್ಟೆಂಬರ್ 4ರಂದು ಸೈರಸ್ ಮಿಸ್ತ್ರಿ ಅವರು ತೀರ್ಕೊಂಡಿದ್ದು ನಾವೆಲ್ಲ ಮುಂಬೈಗೆ ಹೋಗೋ ಇದೇ ರಸ್ತೆಯಲ್ಲಿ, ಪಾಲ್ಘರ್ ಜಿಲ್ಲೆಯಲ್ಲಿ. ಹಿಂದಿನ ಸೀಟು, ಬೆಲ್ಟ್ ಹಾಕಿರಲಿಲ್ಲ.

ಹೆದ್ದಾರಿ ಸಹಾಯಕ್ಕೆ 1033, ಪೊಲೀಸ್‌ಗೆ 112. ಈಗಲೇ ಫೋನ್‌ನಲ್ಲಿ ಸೇವ್ ಮಾಡಿ, ನಾನು ಕಾಯ್ತೀನಿ.

ಆಗ್ಲೇ ಒಬ್ಬರು ಕೇಳಿದ್ರು, ನಿಮ್ಮ ಕಾರಿನ ಹಿಂದೆ ಏನಿದೆ ಅಂತ. ಏನೂ ಇರಲಿಲ್ಲ. ಮಗಳು ಹೋದ ವಾರ ಒಂದು ಹಚ್ಚಿದ್ದಾಳೆ, ಕನ್ನಡದಲ್ಲಿ, ಅವಳದೇ ಅಕ್ಷರ: ‘ಅಜ್ಜ ಇದ್ದಾರೆ, ನಿಧಾನ’. ಇಲ್ಲಿ ಯಾರಿಗೂ ಓದೋಕೆ ಬರಲ್ಲ ಪುಟ್ಟಿ ಅಂದೆ. ‘ಅಜ್ಜನಿಗೆ ಬರುತ್ತಲ್ಲ’ ಅಂದಳು. ಫೋಟೋ ಹುಬ್ಬಳ್ಳಿಗೆ ಕಳಿಸಿದ್ದೀವಿ. ದೀಪಾವಳಿಗೆ ಬರೋವಾಗ ಸ್ಟೇಷನ್‌ನಿಂದ ಮನೆವರೆಗೆ ಕಾರಲ್ಲಿ ಬರ್ತೀನಿ, ಸೂರತ್‌ದು ಆಮೇಲೆ ನೋಡೋಣ ಅಂತ ಉತ್ತರ ಬಂದಿದೆ.

ಪ್ರಶ್ನೆ ಇದ್ರೆ ಕೇಳಿ. ಸೂರತ್‌ನವರು ಮೊದಲು ಕೇಳಿ, ಕತ್ತಲಾಗೋ ಮುಂಚೆ ಹೊರಡಬೇಕಲ್ಲ.