ತಗಡಿನ ಮನೆಗೆ ಹೊಗೆ ಕೊಳವೆ
(ಗ್ರಾಮಸೇವಕರೊಬ್ಬರು ಹಳ್ಳಿಯ ಸಭೆಯಲ್ಲಿ ಆಡಿದ ಮಾತು)



ಹೊಗೆಯಿಲ್ಲದ ಒಲೆ ನಮ್ಮ ಜಿಲ್ಲೆಗೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹಳ್ಳಿಗಳ ಉಪಯೋಗಕ್ಕೆಂದು 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗವನ್ನು ತೆರೆದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅದರ ಕೇಂದ್ರವಿತ್ತು. ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯುಳ್ಳ ‘ಅಸ್ತ್ರ ಒಲೆ’ ಆ ವಿಭಾಗದವರು ರೂಪಿಸಿದ್ದು.

ಇಂದು ಅನೇಕ ಮನೆಗಳಿಗೆ ಗ್ಯಾಸು ಬಂದಿದೆ. ಆದರೂ ಗುಬ್ಬಿ, ಕುಣಿಗಲ್ ಕಡೆ ತೆಂಗಿನ ಮಟ್ಟೆ, ಗರಿ, ಕರಟ ಇರುವವರೆಗೆ ನೀರೊಲೆ ಆರುವುದಿಲ್ಲ. ಆ ಹೊಗೆ ಕುಡಿಯುವವರು ನಮ್ಮ ತಾಯಂದಿರು. ಕೆಮ್ಮು, ಕಣ್ಣುರಿ, ಶ್ವಾಸಕೋಶದ ಕಾಯಿಲೆ, ಎಳೆಮಕ್ಕಳಿಗೆ ನ್ಯುಮೋನಿಯಾ, ಇವೆಲ್ಲಕ್ಕೂ ಈ ಹೊಗೆ ದಾರಿ ಮಾಡುತ್ತದೆ.

ನನ್ನ ತಪ್ಪೊಂದನ್ನು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ತಗಡಿನ ಮನೆಗೆ ಕೊಳವೆ ಹಾಕಿಸಿ, ಸುತ್ತ ಸಿಮೆಂಟು ಮೆತ್ತಿಸಿದೆ. ಬಿಸಿಗೆ ಕೊಳವೆ ಹಿಗ್ಗಿತು, ಬಿಸಿಲಿಗೆ ತಗಡು ಹಿಗ್ಗಿತು, ಸಿಮೆಂಟು ಸೀಳಿತು. ಮೊದಲ ಮಳೆಗೇ ನೀರು ಒಲೆಗೆ ಸುರಿಯಿತು. ಆ ಮನೆಯಮ್ಮ ಕೊಳವೆ ಕೀಳಿಸಿ ತೂತಿಗೆ ಗೋಣಿ ತುರುಕಿದರು. ಮತ್ತೆ ಹೊಗೆಯಲ್ಲೇ ಕೂತರು. “ನಿಮ್ಮ ಒಲೆ ಚೆನ್ನಾಗೈತೆ ಸ್ವಾಮಿ, ತಲೆ ಮೇಲೆ ನೀರು ಯಾರು ಹೊಯ್ಸ್ಕೋತಾರೆ?” ಎಂದರು. ಅಂದು ತಿಳಿಯಿತು: ತೂತನ್ನು ಬಿಗಿಯಾಗಿ ಮುಚ್ಚಬೇಕಾದ್ದಿಲ್ಲ, ಅದಕ್ಕೆ ಕೊಡೆ ಹಿಡಿಯಬೇಕು.

ಜಾಗ: ಕೊಳವೆ ಚಾವಣಿಯ ನೆತ್ತಿಗೆ ಹತ್ತಿರ ಹೊರಡಲಿ, ಅಲ್ಲಿ ಹರಿದುಬರುವ ನೀರು ಕಡಿಮೆ. ತೊಲೆ, ರಿಪೀಸು, ಬಿದಿರು, ಸೋಗೆಗಳಿಂದ ಒಂದು ಮೊಳ ದೂರವಿರಲಿ.

ತೂತು: ನಾಲ್ಕಂಗುಲದ ಕೊಳವೆಗೆ ಆರಂಗುಲದ ತೂತು ಕೊರೆಯಿರಿ. ಸುತ್ತಲಿನ ಸಂದು ಹಿಗ್ಗಲು, ಕುಗ್ಗಲು ಬೇಕು.

ಹೊದಿಕೆ ತಗಡು: ನಿಮ್ಮ ಚಾವಣಿಯಂಥದೇ ಏಣಿನ ತಗಡಿನ ತುಂಡು ತನ್ನಿ. ಅದಕ್ಕೂ ಆರಂಗುಲದ ತೂತು ಮಾಡಿ, ನಾಲ್ಕಂಗುಲ ಎತ್ತರದ ತಗಡಿನ ಕೊರಳನ್ನು ರಿವೆಟ್ ಹೊಡೆದು ಕೂರಿಸಿ. ತುಮಕೂರಿನ ತಗಡು ಕೆಲಸದವರು ಇದನ್ನು ಮಾಡಿಕೊಡಬಲ್ಲರು. ಹೊದಿಕೆಯ ಮೇಲಂಚು ನೆತ್ತಿಯ ತಗಡಿನ ಅಡಿಗೆ ಹೋಗಬೇಕು. ಕೆಳ ಅಂಚು ಚಾವಣಿಯ ಮೇಲೆ ಕೂರಬೇಕು. ಇದು ತಲೆಕೆಳಗಾದರೆ ಯಾವ ಅಂಟೂ ಕಾಯದು. ಎರಡು ಪಕ್ಕದಲ್ಲೂ ಎರಡೆರಡು ಏಣು ಮುಚ್ಚಲಿ. ಸ್ಕ್ರೂಗಳನ್ನು ರಬ್ಬರ್ ವಾಷರ್ ಹಾಕಿ ಏಣಿನ ಮೇಲೆಯೇ ಬಿಗಿಯಿರಿ, ತಗ್ಗಿನಲ್ಲಿ ಕೂಡದು.

ಕೊಡೆ: ಕೊಳವೆ ಕೊರಳಿನೊಳಗಿಂದ ಸಲೀಸಾಗಿ ಹೊರಬರಲಿ. ಕೊರಳಿನ ಮೇಲೆ, ಹತ್ತಂಗುಲ ಅಗಲದ ತಗಡಿನ ಕೊಡೆಯನ್ನು ಕೊಳವೆಗೆ ಪಟ್ಟಿ ಹಾಕಿ ಬಿಗಿಯಿರಿ. ಕೊಡೆಯೂ ಕೊಳವೆಯೂ ಕೂಡುವ ಕಡೆ ಶಾಖ ತಡೆಯುವ ಸಿಲಿಕೋನ್ ಹಚ್ಚಿ. ಡಾಂಬರು ಬೇಡ, ಅದು ಕರಗುತ್ತದೆ, ಹೊತ್ತಿಕೊಳ್ಳುತ್ತದೆ.

ತುದಿ: ಕೊಳವೆ ನೆತ್ತಿಗಿಂತ ಎರಡಡಿ ಮೇಲೇಳಲಿ. ಇಲ್ಲವಾದರೆ ಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ. ತುದಿಗೆ ಟೋಪಿ ಇಡಿ. ಬಾಯಿಗೂ ಟೋಪಿಗೂ ನಾಲ್ಕಂಗುಲ ಸಂದಿರಲಿ.

ಹಿಂದೆ ಕಲ್ನಾರಿನ ಕೊಳವೆ ಬಳಸುತ್ತಿದ್ದರು. ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಹಳೆಯದು ಸಿಕ್ಕಿತೆಂದು ಕೊಯ್ಯಬೇಡಿ.

ಕೆಲಸ ಮುಗಿದ ಮೇಲೆ, ಒಲೆ ಹಚ್ಚುವ ಮುನ್ನ, ನೆತ್ತಿಯ ಕಡೆಯಿಂದ ನಾಲ್ಕು ಕೊಡ ನೀರು ಹೊಯ್ಯಿಸಿ, ಒಳಗೆ ನಿಂತು ನೋಡಿ. ಒಂದು ಹನಿಯೂ ಬೀಳಬಾರದು. ಒಲೆ ಹಚ್ಚಿದ ಮೇಲೆ ತಿಂಗಳಿಗೊಮ್ಮೆ, ಒಲೆ ಆರಿದಾಗ, ಕೊಳವೆಯ ಮಸಿ ತೆಗೆಯಿರಿ. ಹಸಿ ಮಟ್ಟೆ ಉರಿಸಿದರೆ ಮಸಿ ಬೇಗ ಕಟ್ಟುತ್ತದೆ. ಕಟ್ಟಿದ ಮಸಿಗೆ ಬೆಂಕಿ ಹತ್ತಬಹುದು.

ನಾನು ಕೆಡಿಸಿದ ಆ ಮನೆಗೆ ಮರುವರ್ಷ ಹೋಗಿ, ಬೇಡಿಕೊಂಡು, ಕೊಡೆಯ ಕೊಳವೆ ಹಾಕಿಸಿದೆ. ಮಳೆ ಹಿಡಿದ ದಿನ ಆ ತಾಯಿ ಒಲೆಯ ಮುಂದೆ ಒಣ ನೆಲದ ಮೇಲೆ ಮಣೆ ಹಾಕಿ ನನಗೆ ಕಾಫಿ ಕೊಟ್ಟರು.

ರೋಹಿಣಿ ಮಳೆಗೆ ಮುನ್ನ ನಿಮ್ಮ ಮನೆಯ ಕೆಲಸವೂ ಆಗಲಿ. ಕರೆದರೆ ಏಣಿ ಹಿಡಿಯಲು ನಾನು ಬರುತ್ತೇನೆ.