ವಾಲ್ವ್ ಬದಲಿಸುವ ಮೊದಲು

(ಮಂಗಳೂರಿನ ಒಂದು ಭಜನಾ ಮಂದಿರದಲ್ಲಿ ಯುವಕ ಮಂಡಲದ ಆಶ್ರಯದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಮಂದಿರದ ಹಳೆಯ ವಾಲ್ವ್ ರೇಡಿಯೋವನ್ನೂ ಅದರ ಆಂಪ್ಲಿಫಯರನ್ನೂ ನೀವು ಇಷ್ಟು ಕಾಲ ಜೋಪಾನ ಮಾಡಿರುವುದು ಸಂತೋಷದ ವಿಷಯ. ಮಂಗಳೂರಿನ ಆಕಾಶವಾಣಿ ಕೇಂದ್ರ ಆರಂಭವಾದದ್ದು 1976ರ ಡಿಸೆಂಬರ್ 11ರಂದು. ಅದಕ್ಕೂ ಮೊದಲು ನಮ್ಮ ಹಿರಿಯರು 1950ರಲ್ಲಿ ಆರಂಭವಾದ ಧಾರವಾಡ, 1955ರಲ್ಲಿ ಆರಂಭವಾದ ಬೆಂಗಳೂರು ಮೊದಲಾದ ದೂರದ ಕೇಂದ್ರಗಳಿಗೆ ಕಿವಿಗೊಡಬೇಕಾಗಿತ್ತು. ಆ ಕ್ಷೀಣ ಧ್ವನಿಯನ್ನು ಚಾವಡಿ ತುಂಬ ಕೇಳಿಸಿದ್ದು ಇಂಥ ಪೆಟ್ಟಿಗೆಗಳೇ. 1961ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ರೇಡಿಯೋ ವಾಲ್ವ್‌ಗಳ ತಯಾರಿಕೆಯನ್ನು ಆರಂಭಿಸಿತು. ಇಂದು ಅವು ಪೇಟೆಯಲ್ಲಿ ಸುಲಭವಾಗಿ ಸಿಗುವ ವಸ್ತುವಲ್ಲ.

"ವಾಲ್ವ್ ಸುಟ್ಟಿತು, ಹೊಸತು ಹಾಕಿದೆವು, ಅದೂ ಸುಟ್ಟಿತು" ಎಂಬ ದೂರು ಹಲವು ಕಡೆ ಕೇಳಿಬರುತ್ತದೆ. ಕಟ್ಟ ಬಿರುಕು ಬಿಟ್ಟು ಕೆಳಗಿನ ಗದ್ದೆ ಕೊಚ್ಚಿಹೋದರೆ, ಕಟ್ಟವನ್ನು ಸರಿಪಡಿಸದೆ ಮತ್ತೆ ನೇಜಿ ನೆಟ್ಟು ಫಲವೇನು? ಇಲ್ಲಿಯೂ ಹಾಗೆಯೇ. ಸುಟ್ಟ ವಾಲ್ವ್ ಕೊಚ್ಚಿಹೋದ ನೇಜಿ. ಬಿರುಕು ಬೇರೆ ಕಡೆ ಇರುತ್ತದೆ.

ಬಿರುಕನ್ನು ಹುಡುಕುವ ಮೊದಲು ನಮ್ಮ ಜೀವದ ವಿಚಾರ. ಪ್ಲಗ್ಗನ್ನು ಕಿತ್ತ ಮೇಲೂ ಒಳಗಿನ ದೊಡ್ಡ ಕಂಡೆನ್ಸರಿನಲ್ಲಿ 250 ವೋಲ್ಟಿಗೂ ಮೀರಿದ ವಿದ್ಯುತ್ತು ಉಳಿದಿರಬಹುದು. 10,000 ಓಮ್, 5 ವ್ಯಾಟಿನ ರೆಸಿಸ್ಟೆನ್ಸಿಗೆ ರಬ್ಬರು ಹೊದಿಕೆಯ ತಂತಿ ಮತ್ತು ಕ್ಲಿಪ್ಪು ಜೋಡಿಸಿ, ಕಂಡೆನ್ಸರಿನ ಎರಡು ಕೊನೆಗಳಿಗೆ ಕೆಲವು ಸೆಕೆಂಡು ಹಿಡಿಯಿರಿ. ಬಳಿಕ ಮೀಟರಿನಿಂದ ನೋಡಿ, ಸೊನ್ನೆ ಎಂದು ಖಚಿತವಾದ ಮೇಲೆಯೇ ಕೈ ಹಾಕಿರಿ. ಒದ್ದೆ ನೆಲದ ಮೇಲೆ, ಒದ್ದೆ ಕೈಯಲ್ಲಿ ಈ ಕೆಲಸ ಬೇಡವೇ ಬೇಡ. ಪವರ್ ಟ್ರಾನ್ಸ್‌ಫಾರ್ಮರ್ ಇಲ್ಲದ ಎ.ಸಿ./ಡಿ.ಸಿ. ಪೆಟ್ಟಿಗೆಗಳೂ ಇವೆ. ಅವುಗಳ ಚಾಸಿಗೇ ಮನೆಯ ಕರೆಂಟು ಬರಬಹುದಾದ್ದರಿಂದ ಅಂಥವನ್ನು ನುರಿತ ರಿಪೇರಿಯವರಿಗೇ ಬಿಡಿ.

ಮೊದಲನೆಯದಾಗಿ, ಕಣ್ಣಿನಿಂದ ನೋಡಿರಿ. ಫ್ಯೂಸ್ ಹೋಗಿದೆಯೇ? ಸ್ಪೀಕರಿನ ತಂತಿ ಕಳಚಿದೆಯೇ? ಕಡಲ ಉಪ್ಪುಗಾಳಿಗೆ ವಾಲ್ವಿನ ಕಾಲುಗಳಿಗೆ ಕಿಲುಬು ಹಿಡಿದಿದೆಯೇ? ಫ್ಯೂಸ್ ಹೋದರೆ ಅದೇ ಅಳತೆಯದನ್ನು ಹಾಕಿ. ತಾಮ್ರದ ತಂತಿಯನ್ನು ಸುತ್ತಬೇಡಿ. ಸ್ಪೀಕರ್ ಜೋಡಿಸದೆ ಆಂಪ್ಲಿಫಯರನ್ನು ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು.

ಎರಡನೆಯದಾಗಿ, ಮಳೆಗಾಲವಿಡೀ ಮೂಲೆಯಲ್ಲಿದ್ದ ಪೆಟ್ಟಿಗೆಯನ್ನು ನೇರವಾಗಿ ಕರೆಂಟಿಗೆ ಹಚ್ಚಬೇಡಿ. 60 ವ್ಯಾಟಿನ ತಂತಿಯ ಬಲ್ಬನ್ನು ಸೀರೀಸಿನಲ್ಲಿಟ್ಟು ಹಚ್ಚಿ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಒಳ್ಳೆಯ ಲಕ್ಷಣ. ಪೂರ್ಣ ಪ್ರಕಾಶದಲ್ಲೇ ನಿಂತರೆ ಒಳಗೆ ಶಾರ್ಟ್ ಇರಬಹುದು, ಕೂಡಲೇ ಆರಿಸಿ.

ಮೂರನೆಯದಾಗಿ, ಕಿವಿಗೊಟ್ಟು ಕೇಳಿರಿ. ವಾಲ್ಯೂಮನ್ನು ಪೂರ್ತಿ ಇಳಿಸಿದರೂ ಗುಂಯ್ ಎಂಬ ಸದ್ದು ಇದ್ದಷ್ಟೇ ಇದ್ದರೆ ಮೊದಲು ಫಿಲ್ಟರ್ ಕಂಡೆನ್ಸರನ್ನು ಅನುಮಾನಿಸಿ. ವರ್ಷಗಳು ಕಳೆದಂತೆ ಅದು ಒಣಗುತ್ತದೆ. ವಾಲ್ಯೂಮಿನೊಡನೆ ಸದ್ದೂ ತಗ್ಗಿದರೆ ದೋಷ ಅದಕ್ಕಿಂತ ಹಿಂದೆ, ಮೈಕಿನ ತಂತಿಯ ಕಡೆ ಇರಬಹುದು.

ಇನ್ನು ವಾಲ್ವನ್ನು ಮತ್ತೆ ಮತ್ತೆ ಸುಡುವ ಕಳ್ಳನ ವಿಚಾರ. ಹಿಂದಿನ ವಾಲ್ವಿಗೂ ಔಟ್‌ಪುಟ್ ವಾಲ್ವಿಗೂ ನಡುವೆ ಕಪ್ಲಿಂಗ್ ಕಂಡೆನ್ಸರ್ ಎಂಬ ಸಣ್ಣ ಕೊಳವೆ ಇದೆ. ಅದು ಧ್ವನಿಯನ್ನು ದಾಟಿಸಿ, ಹಿಂದಿನ ಹೆಚ್ಚಿನ ವೋಲ್ಟನ್ನು ತಡೆಯಬೇಕು. ಹಳೆಯ ಪೆಟ್ಟಿಗೆಗಳಲ್ಲಿ ಅದು ಕಾಗದದ್ದು. ನಮ್ಮ ಕರಾವಳಿಯ ತೇವವನ್ನು ಹೀರಿ ಕಾಗದ ಸೋರತೊಡಗುತ್ತದೆ. ಆಗ ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ ವೋಲ್ಟು ಇಳಿದು, ವಾಲ್ವಿನಲ್ಲಿ ಮಿತಿಮೀರಿದ ಕರೆಂಟು ಹರಿದು, ಒಳಗಿನ ತಗಡು ಕೆಂಪೇರುತ್ತದೆ.

ಮೀಟರ್ ಬಲ್ಲವರು ಪರೀಕ್ಷಿಸುವ ಕ್ರಮ ಹೀಗೆ. ಕ್ಯಾಥೋಡಿನಲ್ಲಿ ರೆಸಿಸ್ಟೆನ್ಸ್ ಇರುವ ಒಂಟಿ ಇ.ಎಲ್. 84 ವಾಲ್ವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 2ನೆಯ ಕಾಲಾದ ಗ್ರಿಡ್ಡಿನಲ್ಲಿ ಸುಮಾರು ಸೊನ್ನೆ, 3ನೆಯ ಕಾಲಾದ ಕ್ಯಾಥೋಡಿನಲ್ಲಿ 7 ವೋಲ್ಟಿನ ಆಸುಪಾಸು ತೋರಬೇಕು. ಗ್ರಿಡ್ಡಿನಲ್ಲಿ ಕೆಲವು ವೋಲ್ಟು ಧನವಾಗಿ ನಿಂತು, ಕ್ಯಾಥೋಡ್ 7ನ್ನು ಬಹಳ ಮೀರಿದರೆ ಪೆಟ್ಟಿಗೆಯನ್ನು ಆರಿಸಿ. ಕಂಡೆನ್ಸರುಗಳನ್ನು ಬರಿದು ಮಾಡಿ, ಕಪ್ಲಿಂಗ್ ಕಂಡೆನ್ಸರಿನ ಗ್ರಿಡ್ ಕಡೆಯ ಬೆಸುಗೆ ಬಿಡಿಸಿ, ಮತ್ತೆ ಅಳೆಯಿರಿ. ಗ್ರಿಡ್ ಸೊನ್ನೆಗೆ ಇಳಿದರೆ ಕಂಡೆನ್ಸರೇ ಅಪರಾಧಿ. ಅದೇ ಬೆಲೆಯ, 400 ವೋಲ್ಟಿಗೆ ಕಡಿಮೆಯಿಲ್ಲದ ಹೊಸದನ್ನು ಹಾಕಿ. ಇಳಿಯದಿದ್ದರೆ ಮಾತ್ರ ವಾಲ್ವನ್ನು ಅನುಮಾನಿಸಿ. ಕಂಡೆನ್ಸರಿಗೆ ತಗಲುವ ಖರ್ಚು ವಾಲ್ವಿನ ಮುಂದೆ ತೀರ ಅಲ್ಪ.

ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ ಮಣೆಯ ಮೇಲಿಡಿ. ತಿಂಗಳುಗಟ್ಟಲೆ ಸುಮ್ಮನೆ ಬಿಡದೆ ಆಗಾಗ ನಡೆಸುತ್ತಿರಿ. ಮಂಡಲದಲ್ಲಿ ಇಬ್ಬರಾದರೂ ಮೀಟರ್ ಹಿಡಿಯಲು ಕಲಿತರೆ ಮಂದಿರದ ಹಣವೂ ಉಳಿಯುತ್ತದೆ, ಹಿರಿಯರು ಕೇಳಿದ ಧ್ವನಿಯೂ ಉಳಿಯುತ್ತದೆ.